ಮುಚ್ಚಳ ಹಾಕಿದ ಮೇಲೆ

ಮಾರ್ಚ್ ೪

ಅಪ್ಪನಿಗೆ,

ನೀವು ಅಣ್ಣನ ಮನೆ ಸುಖವಾಗಿ ತಲುಪಿದಿರೆಂದು ಅತ್ತಿಗೆ ಫೋನ್ ಮಾಡಿ ಹೇಳಿದರು. ನಿಮ್ಮ ಕೈಗೂ ಕೊಟ್ಟರು. ನಾನು ಇಲ್ಲಿಂದ ಗಂಟಲು ಹರಿಯುವ ಹಾಗೆ ಕೂಗಿದೆ, ನೀವು ಅಲ್ಲಿಂದ "ಹೂಂ, ಊಟ ಆಯ್ತು, ನಿಂದು?" ಎಂದಿರಿ. ನಾನು ಕೇಳಿದ್ದು ಗೇರ್ ಬಾಕ್ಸಿನ ವಿಷಯ. ಆಯುಸ್ಸೆಲ್ಲ ಇಂಜಿನ್ನಿಗೆ ಕಿವಿ ಕೊಟ್ಟು ಕೂತವರ ಜತೆ ಫೋನಿನಲ್ಲಿ ಮಾತಾಡುವುದಕ್ಕಿಂತ ಕಾಗದ ಬರೆಯುವುದೇ ವಾಸಿ ಎಂದು ಕೂತಿದ್ದೇನೆ.

ನರ್ಸಮ್ಮನ ಬೈಕಿನ ಸಮಾಚಾರ. ನೀವು ಇಲ್ಲಿದ್ದಾಗ ಅದರ ಗೇರ್ ಬಾಕ್ಸ್ ಪೂರ್ತಿ ಬಿಚ್ಚಿ, ಹಲ್ಲು ಸವೆದ ಚಕ್ರಗಳನ್ನು ಬದಲಾಯಿಸಿ, ಹೊಸ ಬೇರಿಂಗ್ ಕೂರಿಸಿ ಒಳಗೆಲ್ಲ ಜೋಡಿಸಿಟ್ಟಿರಿ. ಬಸ್ಸಿಗೆ ಹೊತ್ತಾಯಿತೆಂದು ಮುಚ್ಚಳ ಹಾಕುವ ಕೆಲಸವೊಂದನ್ನು ನನಗೆ ಬಿಟ್ಟು ಹೋದಿರಿ. ನಾನು ಮುಚ್ಚಳ ಹಾಕಿ, ಎಣ್ಣೆ ತುಂಬಿ, ಗಾಡಿಗೆ ಕೂರಿಸಿ ಒಂದು ಸುತ್ತು ಹೋಗಿ ಬಂದೆ. ಗೇರು ಸಿಕ್ಕಾಪಟ್ಟೆ ಬಿಗಿ. ಮೊದಲನೆಯದು ಹೇಗೋ ಬೀಳುತ್ತದೆ, ಎರಡನೆಯದಕ್ಕೆ ಒದೆಯಬೇಕು, ನ್ಯೂಟ್ರಲ್ ಹುಡುಕುವಷ್ಟರಲ್ಲಿ ಹಿಂದಿನವರು ಹಾರ್ನ್ ಹೊಡೆದು ಬೈದು ಮುಂದೆ ಹೋಗಿರುತ್ತಾರೆ.

ನೀವು ಜೋಡಿಸಿದ್ದನ್ನು ನಾನು ಮುಟ್ಟಿಲ್ಲ. ಮುಚ್ಚಳ ಹಾಕಿದ್ದಷ್ಟೇ. ಎಲ್ಲಿಂದ ಶುರು ಮಾಡಲಿ, ಹೇಳಿ. ನರ್ಸಮ್ಮ ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ಕಟ್ಟಿ ಬರಬೇಕಾದವರು. ಗಾಡಿ ಇಲ್ಲದೆ ನಡೆದೇ ಓಡಾಡುತ್ತಿದ್ದಾರೆ.

ನಿಮ್ಮ ಮಗಳು


ಮಾರ್ಚ್ ೧೦

ಮಗಳಿಗೆ,

ನಿನ್ನ ಕಾಗದ ಓದಿ, ಊಟ ಮಾಡಿ, ಇನ್ನೊಮ್ಮೆ ಓದಿದೆ. ಗೇರ್ ಬಿಗಿ ಎಂದು ಬರೆದವಳು ಇಂಜಿನ್ ತಣ್ಣಗಿದ್ದಾಗ ಬಿಗಿಯೋ ಕಾದ ಮೇಲೂ ಬಿಗಿಯೋ ಬರೆದಿಲ್ಲ. ಯಾವ ಎಣ್ಣೆ ಹಾಕಿದೆ ಎಂದು ಬರೆದಿಲ್ಲ. ಡಾಕ್ಟರ ಮುಂದೆ ಕೂತು "ನೋವು" ಎಂದಷ್ಟೇ ಹೇಳಿ ಮುಖ ನೋಡುವವರ ಹಾಗೆ ಮಾಡಿದೆ.

ಇರಲಿ. ಮೊದಲೇ ಗೇರ್ ಬಾಕ್ಸನ್ನು ಬೈಯಬೇಡ. ಇಂಥ ದೂರುಗಳಲ್ಲಿ ಅರ್ಧದಷ್ಟು ಕ್ಲಚ್ಚಿನ ಕಿತಾಪತಿ. ಕ್ಲಚ್ ಹಿಡಿದು ಕಿಕ್ಕರ್ ಒತ್ತು. ಇಂಜಿನ್ ಅಲುಗದೆ ಕಿಕ್ಕರ್ ಸಲೀಸಾಗಿ ಕೆಳಗೆ ಹೋದರೆ ಕ್ಲಚ್ ಬಿಡುತ್ತಿದೆ ಎಂದರ್ಥ. ಬಿಡದಿದ್ದರೆ ಕೇಬಲ್ ಎಳೆದು ಸರಿಮಾಡು, ಅಲ್ಲಿಗೆ ಕತೆ ಮುಗಿಯಿತು. ಆಮೇಲೆ ಗೇರ್ ಪೆಡಲನ್ನು ಕಳಚಿ ಅದು ಕೂತು ತಿರುಗುವ ಬುಷ್ ನೋಡು, ತುಕ್ಕು ಹಿಡಿದು ಪೆಡಲೇ ಬಿಗಿಯಾಗಿದ್ದರೂ ಕಾಲಿಗೆ ಹೀಗೇ ಅನ್ನಿಸುತ್ತದೆ. ಎರಡೂ ಸರಿಯಿದ್ದರೆ ಚೈನ್ ತೆಗೆ. ನ್ಯೂಟ್ರಲ್‌ನಲ್ಲಿಟ್ಟು ಚೈನಿನ ಹಲ್ಲುಚಕ್ರವನ್ನು ಕೈಯಲ್ಲಿ ತಿರುಗಿಸು. ಆಗಲೂ ಭಾರ ಬಂದರೆ ಮಾತ್ರ ರೋಗ ಒಳಗಿದೆ. ಒಂದು ಮುಗಿಸದೆ ಇನ್ನೊಂದಕ್ಕೆ ಕೈ ಹಾಕಬೇಡ. ನಿನಗೆ ಎಲ್ಲದಕ್ಕೂ ಒಟ್ಟಿಗೇ ಸ್ಪ್ಯಾನರ್ ಹಾಕುವ ಚಾಳಿ ಇದೆ.

ಇಲ್ಲಿ ಮೂಲೆಯ ರಿಪೇರಿ ಅಂಗಡಿಯಲ್ಲಿ ಮಧ್ಯಾಹ್ನದ ಮೇಲೆ ಹೋಗಿ ಕೂರುತ್ತೇನೆ. ಕಿಟಕಿ ಪಕ್ಕ ನನಗೊಂದು ಸ್ಟೂಲು ಹಾಕಿದ್ದಾರೆ. ಸೂಕ್ಷ್ಮದ ಕೆಲಸವೆಲ್ಲ ನನ್ನ ಮುಂದೆ ಬರುತ್ತದೆ. ನಿನ್ನ ಅಣ್ಣನಿಗೆ ಅಷ್ಟು ಇಷ್ಟವಿಲ್ಲ, ಅತ್ತಿಗೆಗೆ ಬಹಳ ಇಷ್ಟ. ನಾನು ಮನೆಯಲ್ಲಿದ್ದರೆ ಚೆನ್ನಾಗಿ ತಿರುಗುವ ಫ್ಯಾನುಗಳನ್ನೂ ಬಿಚ್ಚುತ್ತೇನೆ ಎಂಬುದು ಅವಳ ದೂರು.

ಅಪ್ಪ


ಮಾರ್ಚ್ ೧೮

ಅಪ್ಪನಿಗೆ,

ನೀವು ಹೇಳಿದ ಹಾಗೆ ಒಂದೊಂದಾಗಿ ಮಾಡಿದೆ. ಕ್ಲಚ್ ಸರಿಯಾಗಿ ಬಿಡುತ್ತಿದೆ. ಪೆಡಲಿನ ಬುಷ್ ತೊಳೆದು ಗ್ರೀಸ್ ಹಾಕಿದೆ, ಏನೂ ವ್ಯತ್ಯಾಸವಿಲ್ಲ. ಎಣ್ಣೆ ನೀವು ಯಾವಾಗಲೂ ಹಾಕುವುದೇ. ಕಾದ ಮೇಲೆ ಇನ್ನೂ ಬಿಗಿ. ಚೈನ್ ತೆಗೆದು ಚಕ್ರ ತಿರುಗಿಸಿದರೆ ಎರಡು ಕೈ ಬೇಕು. ರೋಗ ಒಳಗೇ ಇದೆ ಅಪ್ಪ.

ನಿನ್ನೆ ನರ್ಸಮ್ಮ ಬಂದಿದ್ದರು. ಕೆಲಸ ಮುಗಿಸಿ ಬಂದವರು, ಕಾಲು ಊದಿಕೊಂಡಿತ್ತು, ಚಪ್ಪಲಿ ಕಳಚಿ ಬೆಂಚಿನ ಮೇಲೆ ಕೂತರು. ಅಂಗಡಿಯಲ್ಲಿ ಆಗ ಇಬ್ಬರು ಮೂವರು ಗಿರಾಕಿಗಳಿದ್ದರು. "ರಿಪೇರಿ ಮಾಡಿದ ಮೇಲೂ ಹಿಂಗಾಗಿದೆ ಅಂದ್ರೆ, ಯಾರಮ್ಮಾ ಕೈ ಹಾಕಿದ್ದು ಇದಕ್ಕೆ?" ಎಂದು ಕೇಳಿದರು. ಏನೋ ಹೇಳಿ ಕಳಿಸಿದೆ.

ಮುಂದೇನು ನೋಡಲಿ? ನೀವು ಬೇಜಾರು ಮಾಡಿಕೊಳ್ಳದಿದ್ದರೆ ಒಂದು ಮಾತು. ಅವತ್ತು ಜೋಡಿಸುವಾಗ ನಿಮ್ಮ ಕೈಯಿಂದ ಒಂದು ವಾಷರ್ ನೆಲಕ್ಕೆ ಬಿತ್ತಲ್ಲ. ನೀವು ಬೆಂಚಿನ ಅಡಿ ಬಗ್ಗಿ ತಡಕಾಡಿ ಎತ್ತಿಕೊಂಡಿರಿ. ಸುಮ್ಮನೆ ನೆನಪಾಯಿತು, ಬರೆದೆ.

ನಿಮ್ಮ ಮಗಳು


ಮಾರ್ಚ್ ೨೫

ಮಗಳಿಗೆ,

ಆ ವಾಷರ್ ನನಗೂ ನೆನಪಿದೆ. ನೀನು ನೋಡಲಿಲ್ಲ ಎಂದುಕೊಂಡಿದ್ದೆ.

ವಿಷಯ ಏನೆಂದರೆ, ಮುಚ್ಚಳ ಬಿಗಿದ ಮೇಲೂ ಒಳಗಿನ ಶಾಫ್ಟುಗಳಿಗೆ ಆಚೀಚೆ ಸರಿಯಲು ಕೂದಲೆಳೆಯಷ್ಟು ಜಾಗ ಉಳಿಯಬೇಕು. ಆ ಜಾಗವನ್ನು ವಾಷರಿನ ದಪ್ಪದಿಂದ ಹೊಂದಿಸುತ್ತೇವೆ. ಜಾಗ ಹೆಚ್ಚಾದರೆ ಗೇರು ತಾನಾಗಿ ಕಳಚಿಕೊಳ್ಳುತ್ತದೆ. ಇಲ್ಲವೇ ಇಲ್ಲ ಎಂದಾದರೆ ಮುಚ್ಚಳ ಒತ್ತಿ ಹಿಡಿದು ಶಾಫ್ಟು ತಿರುಗಲು ಒದ್ದಾಡುತ್ತದೆ. ನಾನು ಅವತ್ತು ಕೆಳಗಿನಿಂದ ಎತ್ತಿದ್ದು ಬಿದ್ದ ವಾಷರನ್ನೇ ಹೌದೋ, ಬೆಂಚಿನ ಅಡಿ ಮೊದಲೇ ಬಿದ್ದಿದ್ದ ಬೇರೆ ಯಾವುದೋ ದಪ್ಪದ್ದೋ, ಈಗ ಹೇಳಲಾರೆ. ಉಗುರಿನಲ್ಲಿ ಗೀರಿ ನೋಡಿ ಅದೇ ಎಂದುಕೊಂಡೆ. ಅಳತೆ ಹಿಡಿಯಬೇಕಾಗಿತ್ತು. ನೀನು ಪಕ್ಕದಲ್ಲಿ ನಿಂತಿದ್ದೆ, ಹೊತ್ತಾಗುತ್ತಿತ್ತು. ಅಪ್ಪನಿಗೆ ಗೊತ್ತಾಗಲಿಲ್ಲ ಎಂದು ನೀನು ಅಂದುಕೊಳ್ಳುತ್ತೀಯ ಎಂಬ ಸಂಕೋಚವೂ ಇತ್ತು. ಇದನ್ನು ಬರೆಯುವುದಕ್ಕೂ ಈಗ ಸಂಕೋಚವಾಗುತ್ತಿದೆ.

ಪತ್ತೆ ಮಾಡುವುದು ಸುಲಭ. ಚೈನ್ ತೆಗೆದಿರಲಿ. ಮುಚ್ಚಳದ ನಟ್ಟುಗಳನ್ನು ಸುತ್ತಲೂ ಒಂದೊಂದೇ ಚೂರು ಸಡಿಲಿಸುತ್ತಾ ಬಾ, ಪ್ರತಿ ಸಲವೂ ಚಕ್ರ ತಿರುಗಿಸಿ ನೋಡು. ಸಡಿಲಾಗುತ್ತಿದ್ದ ಹಾಗೇ ಚಕ್ರ ಹಗುರಾದರೆ ಒಳಗೆ ಜಾಗ ಇಲ್ಲ ಎಂದರ್ಥ. ಆಗ ತಪ್ಪು ನನ್ನದೇ. ಎಣ್ಣೆ ಸೋರದಿರಲೆಂದು ನಾನು ಕತ್ತರಿಸಿ ಮೊಳೆಗೆ ತೂಗುಹಾಕಿದ್ದ ಪ್ಯಾಕಿಂಗ್ ಕಾಗದ ಮುಚ್ಚಳದ ಅಡಿ ಸರಿಯಾಗಿ ಕೂತಿದೆ ತಾನೇ? ಅದರ ದಪ್ಪವನ್ನೂ ಲೆಕ್ಕ ಹಿಡಿದೇ ನಾನು ವಾಷರ್ ಹಾಕಿದ್ದು.

ಏನಾಯಿತೆಂದು ಬೇಗ ಬರೆ.

ಅಪ್ಪ


ಏಪ್ರಿಲ್ ೯

ಅಪ್ಪನಿಗೆ,

ಸಡಿಲಿಸಿ ನೋಡಿದೆ. ಹಗುರಾಯಿತು.

ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಯಾರ ಕೈಯಲ್ಲಾದರೂ ಆಗುವಂಥದ್ದೇ. ನಾನು ಬಿಚ್ಚಿ ಸರಿಮಾಡಿಕೊಳ್ಳುತ್ತೇನೆ. ವಯಸ್ಸಾದ ಮೇಲೆ ಇಷ್ಟು ಸಣ್ಣ ಸಾಮಾನಿನ ಕೆಲಸ ನಿಮಗೆ ಕೊಟ್ಟಿದ್ದೇ ನನ್ನ ತಪ್ಪು.

ಇಲ್ಲಿ ಸೆಕೆ ಜಾಸ್ತಿ. ಹೆಚ್ಚು ಬರೆಯಲು ಪುರುಸೊತ್ತಿಲ್ಲ.

ಮಗಳು


ಏಪ್ರಿಲ್ ೧೭

ಮಗಳಿಗೆ,

ಕಾಗದ ಬಂತು. ಹಗುರಾಯಿತು ಎಂಬ ಒಂದು ಮಾತು ಸಾಕಾಗಿತ್ತು, ಉಳಿದದ್ದನ್ನು ನೀನು ಬರೆಯದಿದ್ದರೂ ನಡೆಯುತ್ತಿತ್ತು. ಬರೆದದ್ದು ಸುಳ್ಳೇನಲ್ಲ.

ಮೂಲೆಯ ಅಂಗಡಿಗೆ ಹೋಗುವುದನ್ನು ಬಿಟ್ಟೆ. ಹೋದ ವಾರ ಒಂದು ಸ್ಕೂಟರಿನ ಕ್ಲಚ್ ಮುಂದೆ ಇಟ್ಟರು. ಬಿಚ್ಚಿ ತಟ್ಟೆಯಲ್ಲಿ ಹಾಕಿಕೊಂಡೆ. ಜೋಡಿಸಲು ಕೈ ಬರಲಿಲ್ಲ. ಒಂದೊಂದು ವಾಷರನ್ನೂ ಎತ್ತಿ ಎತ್ತಿ ಬೆಳಕಿಗೆ ಹಿಡಿದು ನೋಡುವುದು, ಇಡುವುದು, ಮತ್ತೆ ಎತ್ತುವುದು. ಅಂಗಡಿಯವನು "ಏನಾಯ್ತು ಯಜಮಾನ್ರೇ, ಹುಷಾರಿಲ್ವಾ?" ಎಂದ. "ನನ್ನ ಕೈನ ಇನ್ಮೇಲೆ ನಂಬ್ಬೇಡಪ್ಪಾ, ಬೇರೆಯವರನ್ನ ನೋಡ್ಕೋ" ಎಂದು ಹೇಳಿ ಎದ್ದು ಬಂದೆ. ಯಾರೋ ಓಡಿಸುವ ಗಾಡಿ ಅದು, ಬ್ರೇಕು ಕ್ಲಚ್ಚುಗಳಲ್ಲಿ ಆಟವಾಡಬಾರದು. ನನ್ನ ಸ್ಪ್ಯಾನರ್ ಸೆಟ್ಟನ್ನೂ ಸಣ್ಣ ಸುತ್ತಿಗೆಯನ್ನೂ ಅವನಿಗೇ ಬಿಟ್ಟಿದ್ದೇನೆ. ನಿನ್ನ ಅತ್ತಿಗೆ ಈಗ ತಾನಾಗಿಯೇ ಒಂದು ಫ್ಯಾನು ತಂದು ಮುಂದಿಟ್ಟು, "ಮಾವ, ಇದು ಸದ್ದು ಮಾಡ್ತಿದೆ" ಎಂದಳು. ಸದ್ದು ಮಾಡುತ್ತಿರಲಿಲ್ಲ ಎಂದು ಕಿವಿ ಕೇಳದ ನನಗೂ ಗೊತ್ತಾಯಿತು.

ಇದರ ಜತೆ ನರ್ಸಮ್ಮನಿಗೆ ಒಂದು ಚೀಟಿ ಇಟ್ಟಿದ್ದೇನೆ. ನನ್ನ ತಪ್ಪಿನಿಂದ ಅವರು ಬಿಸಿಲಲ್ಲಿ ನಡೆಯಬೇಕಾಯಿತೆಂದು ಕ್ಷಮೆ ಕೇಳಿದ್ದೇನೆ. ನೀನೇ ಕೈಯಾರೆ ಕೊಡು. ಅಂಗಡಿಯ ಹೆಸರು ಈಗ ನಿನ್ನದು, ನನ್ನ ಕೆಲಸದಿಂದ ಅದಕ್ಕೆ ಮಸಿ ಹತ್ತಬಾರದು.

ಅಪ್ಪ


ಮೇ ೨೩

ಅಪ್ಪನಿಗೆ,

ಇಷ್ಟು ದಿನ ಕಾಗದ ಬರೆಯದಿದ್ದುದಕ್ಕೆ ಕೆಲಸ ಹೆಚ್ಚಿತ್ತು ಎಂದು ಬರೆದು, ಹರಿದು ಹಾಕಿ, ಇದನ್ನು ಬರೆಯುತ್ತಿದ್ದೇನೆ.

ತಪ್ಪು ನಿಮ್ಮದಲ್ಲ. ನಿಮ್ಮ ಪ್ಯಾಕಿಂಗ್ ಕಾಗದವನ್ನು ನಾನು ಹಾಕಲೇ ಇಲ್ಲ.

ನೀವು ಬಸ್ಸಿಗೆ ಹೋದ ಮೇಲೆ ಬಿಡಿಭಾಗ ಮಾರುವವನು ಬಂದ. ಮೊಳೆಗೆ ತೂಗುತ್ತಿದ್ದ ಕಾಗದ ನೋಡಿ, "ಅಯ್ಯೋ, ಇನ್ನೂ ಕಾಗದ ಕತ್ತರಿಸ್ತಾ ಕೂತಿದೀರಾ? ಯಾವ ಕಾಲದಲ್ಲಿದೀರಿ ಮೇಡಂ?" ಎಂದು ನಕ್ಕ. ನನಗೆ ಮುಖ ಬಿಸಿಯಾಯಿತು. "ಅದು ನಮ್ಮಪ್ಪಂದು" ಎಂದು ಹೇಳಿ ಅವನ ಎದುರಿಗೇ ಮುದ್ದೆ ಮಾಡಿ ಕಸದ ಡಬ್ಬಿಗೆ ಹಾಕಿದೆ. ಕಾಗದದ ಬದಲು ಬಳಿಯುವ ಟ್ಯೂಬಿನ ಪೇಸ್ಟನ್ನು ಅವನ ಹತ್ತಿರವೇ ತೆಗೆದುಕೊಂಡು ಮುಚ್ಚಳದ ಅಂಚಿಗೆ ಬಳಿದು ಬಿಗಿದೆ. ಕಾಗದದ ದಪ್ಪ ಹೋಯಿತು, ನೀವು ಅಳೆದು ಬಿಟ್ಟಿದ್ದ ಜಾಗವೂ ಅದರ ಜತೆ ಹೋಯಿತು. ಇಷ್ಟೇ ನಡೆದದ್ದು.

ಮೊದಲು ನಾನೂ ನಿಮ್ಮ ವಾಷರೇ ಎಂದು ನಂಬಿದ್ದೆ. ಅದನ್ನು ಮಾತ್ರ ನಂಬಿ ಅಪ್ಪ. ಪೇಸ್ಟಿನ ಯೋಚನೆಯೇ ನನಗೆ ಬಂದಿರಲಿಲ್ಲ. ಕಾಗದ ಕೂತಿದೆ ತಾನೇ ಎಂದು ನೀವು ಕೇಳಿದಿರಲ್ಲ, ಅದನ್ನು ಓದುವಾಗ ಆ ಕಸದ ಡಬ್ಬಿ ನೆನಪಾಯಿತು. ನಟ್ಟು ಸಡಿಲಿಸಿ ಚಕ್ರ ಹಗುರಾದಾಗ ಎಲ್ಲ ಗೊತ್ತಾಗಿತ್ತು. ಗೊತ್ತಿದ್ದೂ ನಿಮಗೆ ವಯಸ್ಸಾಯಿತು ಎಂದು ಬರೆದೆ. ಪೆನ್ನು ನಿಲ್ಲಲಿಲ್ಲ, ಸಲೀಸಾಗಿ ಬರೆದೆ.

ನಿಮ್ಮ ಚೀಟಿಯನ್ನು ಬಹಳ ದಿನ ಡ್ರಾಯರಿನಲ್ಲೇ ಇಟ್ಟುಕೊಂಡಿದ್ದೆ. ಹೋದ ವಾರ ಕೊಟ್ಟೆ. ನರ್ಸಮ್ಮ ಕನ್ನಡಕ ಹಾಕಿಕೊಂಡು ಜೋರಾಗಿ ಓದಿದರು. ಅಂಗಡಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು. "ಇಷ್ಟು ದೊಡ್ಡೋರು ನನ್ನ ಹತ್ರ ಕ್ಷಮೆ ಕೇಳೋದಾ? ಛೆ" ಎಂದು ಅವರು ಮಡಚಿ ಪರ್ಸಿನಲ್ಲಿಟ್ಟುಕೊಳ್ಳುವಾಗ ನನಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಲ್ಲೇ, ಎಲ್ಲರ ಎದುರಿಗೇ ತಪ್ಪು ನನ್ನದೆಂದು ಹೇಳಿದೆ.

ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಮತ್ತೆ ಅವತ್ತು ನೀನೇ ಹೇಳಿದ್ದಲ್ವಾ, ಅಪ್ಪನಿಗೆ ಕೈ ಹಿಡಿತ ತಪ್ಪಿದೆ, ಬೇಡ ಅಂದ್ರೂ ಕೇಳಲ್ಲ, ಮುಟ್ಟಿಬಿಡ್ತಾರೆ ಅಂತ?"

"ಹೌದು."

"ಯಾಕೆ ಹೇಳ್ದೆ?"

"ನೀವು ಇಲ್ಲಿ ಕೂತು ಕೇಳ್ತಿದ್ರಿ. ಅಪ್ಪ ಇಲ್ಲಿರ್ಲಿಲ್ಲ."

ಮಾರ್ಚ್ ತಿಂಗಳಲ್ಲಿ "ಏನೋ ಹೇಳಿ ಕಳಿಸಿದೆ" ಎಂದು ನಿಮಗೆ ಬರೆದಿದ್ದೆನಲ್ಲ, ಆ ಏನೋ ಇದು.

ಏಪ್ರಿಲ್‌ನಿಂದ ಮುಟ್ಟಲು ಮನಸ್ಸಾಗದೆ ಬಿಟ್ಟಿದ್ದ ಗೇರ್ ಬಾಕ್ಸನ್ನು ಆಮೇಲೆ ಬಿಚ್ಚಿದೆ. ನೀವು ಹಾಕಿದ ವಾಷರುಗಳನ್ನು ಅಳೆದೆ, ಎಲ್ಲವೂ ಇರಬೇಕಾದ ದಪ್ಪವೇ. ಯಾವುದನ್ನೂ ಕದಲಿಸದೆ, ಹಳೆಯದರಷ್ಟೇ ದಪ್ಪದ ಕಾಗದವನ್ನು ಮುಚ್ಚಳದ ಮೇಲಿಟ್ಟು ಅಂಚಿಗೆ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಕತ್ತರಿಸಿ ಕೂರಿಸಿದೆ. ಚಕ್ರ ಒಂದು ಬೆರಳಿನಲ್ಲಿ ತಿರುಗಿತು. ನರ್ಸಮ್ಮ ಗಾಡಿ ತೆಗೆದುಕೊಂಡು ಹೋಗಿದ್ದಾರೆ. ನನ್ನ ಜತೆ ಮಾತು ಕಡಿಮೆ ಮಾಡಿದ್ದಾರೆ.

ಆ ಮೂಲೆಯ ಅಂಗಡಿಗೆ ಮತ್ತೆ ಹೋಗಿ ಅಪ್ಪ. ದಮ್ಮಯ್ಯ ಅಂತೀನಿ.

ನಿಮ್ಮ ಮಗಳು


ಮೇ ೩೦

ಮಗಳಿಗೆ,

ನಿನ್ನ ಉದ್ದದ ಕಾಗದ ಓದಿ ಮನಸ್ಸು ತುಂಬಿ ಬಂತು. ನಿನ್ನ ಅಮ್ಮನೂ ಹೀಗೇ ಇದ್ದಳು. ನನ್ನ ಕೈ ತಾಗಿ ಬಿದ್ದು ಒಡೆದ ಗಾಜಿನ ಲೋಟವನ್ನೆಲ್ಲ ತಾನೇ ಒಡೆದೆ ಎಂದು ನೆಂಟರ ಮುಂದೆ ಹೇಳುತ್ತಿದ್ದಳು. ಅವಳ ಗುಣ ನಿನಗೆ ಬಂದಿದೆ ಎಂದು ಸಂತೋಷ.

ಆದರೆ ನನ್ನನ್ನು ಚಿಕ್ಕ ಮಗುವಿನ ಹಾಗೆ ಸಮಾಧಾನ ಮಾಡುವುದು ಬೇಡ. ಹೇಳದೆ ಕೇಳದೆ ನೀನು ನನ್ನ ಪ್ಯಾಕಿಂಗ್ ಕಾಗದವನ್ನು ಕಸಕ್ಕೆ ಹಾಕುವವಳೇ? ನಾಲ್ಕು ಜನರ ಮುಂದೆ ಅಪ್ಪನ ಬಗ್ಗೆ ಹಾಗೆ ಮಾತಾಡುವವಳೇ? ಸುಳ್ಳು ಹೇಳುವುದಾದರೆ ನಂಬುವಂಥದ್ದು ಹೇಳಬೇಕು. ತಪ್ಪು ವಾಷರನ್ನು ಬದಲಾಯಿಸಿ ಗಾಡಿ ಸರಿಮಾಡಿದ್ದೀಯ, ನನಗೆ ನೋವಾಗಬಾರದೆಂದು ಹೀಗೊಂದು ಕತೆ ಕಟ್ಟಿದ್ದೀಯ. ಒಳ್ಳೆಯ ಮನಸ್ಸಿನಿಂದ ಕಟ್ಟಿದ್ದೀಯ, ಅದು ಗೊತ್ತು.

ನಾನು ಆರಾಮವಾಗಿದ್ದೇನೆ. ಬಾಲ್ಕನಿಯಲ್ಲಿ ಕೂತು ರಸ್ತೆ ನೋಡುತ್ತೇನೆ. ಯಾವ ಗಾಡಿಗೆ ಏನು ಕಾಯಿಲೆ ಎಂದು ಮೇಲಿನಿಂದಲೇ ಅಂದಾಜು ಮಾಡುತ್ತೇನೆ, ಅದರಿಂದ ಯಾರಿಗೂ ನಷ್ಟವಿಲ್ಲ. ಈ ವಿಷಯ ಇಲ್ಲಿಗೆ ಬಿಡು.

ಅಪ್ಪ


ಜೂನ್ ೭

ಅಪ್ಪನಿಗೆ,

ನಿಮ್ಮ ಕಾಗದವನ್ನು ಓದಿ ಅಂಗಡಿಯ ಶಟರ್ ಅರ್ಧ ಎಳೆದು ಒಳಗೆ ಕೂತು ಅತ್ತೆ. ನಾನು ಅಂಥವಳಲ್ಲ ಎಂದು ನೀವು ಬರೆದದ್ದಕ್ಕಿಂತ ದೊಡ್ಡ ಬೈಗುಳವನ್ನು ನನಗೆ ಯಾರೂ ಬೈದಿಲ್ಲ.

ನನ್ನ ಮಾತು ನಂಬಬೇಡಿ. ಲಕೋಟೆಯೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಂದು ಬೂದುಬಣ್ಣದ ಪಟ್ಟಿ ಇಟ್ಟಿದ್ದೇನೆ. ಮುಚ್ಚಳ ಬಿಚ್ಚಿದಾಗ ಅಂಚಿನಿಂದ ಬ್ಲೇಡಿನಲ್ಲಿ ಸುಲಿದು ತೆಗೆದ ಪೇಸ್ಟು. ಬೆಂಚಿನ ಹಿಂದೆ ಬಿದ್ದಿತ್ತು, ಹುಡುಕಿ ತೆಗೆದೆ. ನೀವೇ ಬೆರಳಿನಲ್ಲಿ ಸವರಿ ನೋಡಿ. ಕಾಗದ ಇದ್ದಿದ್ದರೆ ಒಂದು ಮಗ್ಗುಲಿಗೆ ಅದರ ನಾರು ಅಂಟಿಕೊಂಡಿರುತ್ತಿತ್ತು. ಇದರ ಎರಡು ಮಗ್ಗುಲಿಗೂ ಲೋಹದ ಗೆರೆಗಳೇ ಅಚ್ಚಾಗಿವೆ.

ನಾನು ಅಂಥವಳೇ ಅಪ್ಪ.

ಮಗಳು


ಜೂನ್ ೧೬

ಮಗಳಿಗೆ,

ಪಟ್ಟಿ ತಲುಪಿತು. ಕಿಟಕಿಯ ಹತ್ತಿರ ಕೂತು ಎರಡೂ ಮಗ್ಗುಲು ಸವರಿದೆ, ನಾಲಿಗೆ ತುದಿಗೂ ತಾಗಿಸಿ ನೋಡಿದೆ. ನಾರಿಲ್ಲ. "ಏನು ಮಾವ ಅದು?" ಎಂದು ನಿನ್ನ ಅತ್ತಿಗೆ ಕೇಳಿದಳು. ಏನೂ ಇಲ್ಲ ಎಂದೆ.

ನಿನಗೆ ತಲೆಯಲ್ಲಿ ಏನಿದೆ? ನಾನು ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ, ಮೊಳೆಗೆ ಹಾಕಿ ಹೋದ ಸಾಮಾನನ್ನು ಕಸಕ್ಕೆ ಹಾಕುವ ಮುಂಚೆ, ಈ ಮುದುಕ ಇದನ್ನು ಯಾಕೆ ಇಷ್ಟು ದಪ್ಪದ ಕಾಗದದಲ್ಲಿ ಕತ್ತರಿಸಿದ ಎಂದು ಒಂದು ಕ್ಷಣ ಯೋಚಿಸಬಾರದಿತ್ತೇ? ಆ ಬಿಡಿಭಾಗದವನು ನಕ್ಕರೆ ನಗಲಿ, ನಗುವುದು ಅವನ ಹಲ್ಲು, ನಿನಗೇನು ನೋವು? ಅಷ್ಟು ಬಿಗಿಯಿಟ್ಟುಕೊಂಡು ಗಾಡಿ ಓಡಿಸಿ ಬೇರೆ ನೋಡಿದ್ದೀಯ, ಹೊಸ ಬೇರಿಂಗ್ ಸುಟ್ಟುಹೋಗಿದ್ದರೆ? ಕಾಗದ ಕೂತಿದೆ ತಾನೇ ಎಂದು ಕೇಳಿದರೆ ಉತ್ತರವಿಲ್ಲ. ನೀನು ಏನೂ ಬರೆಯದೆ ಇದ್ದದ್ದನ್ನು ನಾನು ಹೂಂ ಎಂದು ಓದಿಕೊಂಡೆ. ನನ್ನ ಕಿವಿ ಹೋಗಿದೆ, ಬುದ್ಧಿ ಹೋಗಿರಲಿಲ್ಲ. ಅದೂ ಹೋಯಿತೆಂದು ಎರಡು ತಿಂಗಳು ನನ್ನನ್ನು ನಂಬಿಸಿದೆ. ಇಷ್ಟು ಸಿಟ್ಟು ನನಗೆ ಯಾವ ಕಾಲದಲ್ಲಿ ಬಂದಿತ್ತೋ ನೆನಪಿಲ್ಲ. ಇದೇ ಸಿಟ್ಟಿನಲ್ಲಿ ಬರೆಯಲು ಕೂತು ಮೂರು ಹಾಳೆ ಹಾಳುಮಾಡಿದ್ದೇನೆ.

ನಿನ್ನೆ ಮಧ್ಯಾಹ್ನ ಮೂಲೆಯ ಅಂಗಡಿಗೆ ಹೋದೆ. ಕಿಟಕಿ ಪಕ್ಕ ನನ್ನ ಜಾಗದಲ್ಲಿ ಬೇರೊಬ್ಬ ಕೂತಿದ್ದ, ನನ್ನ ಸುತ್ತಿಗೆ ಅವನ ಕೈಯಲ್ಲಿತ್ತು. ಕೆಲಸ ಚೆನ್ನಾಗಿಯೇ ಮಾಡುತ್ತಿದ್ದ. ಅಂಗಡಿಯವನು ನನ್ನನ್ನು ಕಂಡು ಎದ್ದು ನಿಂತ. ಪಾಪ, ಅವನಿಗೂ ಇರುಸುಮುರುಸು. "ನೀವೇ ಅಲ್ವಾ ಯಜಮಾನ್ರೇ, ನನ್ನ ಕೈ ನಂಬ್ಬೇಡ ಅಂದಿದ್ದು? ಇಲ್ದಿದ್ರೆ ನಾನ್ಯಾಕೆ ಬೇರೆಯವರನ್ನ ಕರೀತಿದ್ದೆ?" ಎಂದು ನನ್ನ ಕಿವಿಯ ಹತ್ತಿರ ಬಂದು ಕೂಗಿದ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನನ್ನ ಕೈಯಲ್ಲಿ ತಪ್ಪಿರಲಿಲ್ಲ ಎಂದು ಹೇಳಲಿಕ್ಕೇ ನಾನು ಹೋದದ್ದು. ಪಟ್ಟಿಯೂ ಜೇಬಿನಲ್ಲಿತ್ತು. ತೆಗೆದು ತೋರಿಸಿದ್ದರೆ ಅವನಿಗೆ ತಕ್ಷಣ ಅರ್ಥವಾಗುತ್ತಿತ್ತು. ಆಮೇಲೆ, ಹಾಗಾದರೆ ತಪ್ಪು ಯಾರದು ಎಂದು ಕೇಳುತ್ತಿದ್ದ.

"ಹೌದಪ್ಪಾ, ಈಗ ಮೊದಲಿನ ಹಾಗೆ ಆಗಲ್ಲ" ಎಂದೆ. ಟೀ ತರಿಸಿದರು. ಕುಡಿದು ಮನೆಗೆ ಬಂದೆ.

ಅಪ್ಪ